ಬಿಯಾಸ್ ತೀರದಲ್ಲಿ ಪುಟ್ಟ ಹೆಜ್ಜೆಗಳು

ಹಿಮಾಲಯ ಎಂದೊಡನೆ ಬೆನ್ನಿಗೆ ಭಾರದ ಚೀಲ, ಕೈಯಲ್ಲಿ ಹಿಮಗೊಡಲಿ, ಸೊಂಟಕ್ಕೆ ಹಗ್ಗ ಬಿಗಿದುಕೊಂಡ ಪರ್ವತಾರೋಹಿಯ ಚಿತ್ರವೇ ಕಣ್ಣ ಮುಂದೆ ಬರುತ್ತದೆ. 'ಅದೆಲ್ಲ ಗಟ್ಟಿಗರ ಕೆಲಸ, ಮಕ್ಕಳನ್ನು ಕಟ್ಟಿಕೊಂಡು ಹೋಗುವವರಿಗಲ್ಲ' ಎಂದು ಅಪ್ಪ-ಅಮ್ಮಂದಿರು ಮೊದಲೇ ತೀರ್ಮಾನಿಸಿಬಿಡುತ್ತಾರೆ. ಹಾಗಾಗಿ ಮನಾಲಿಗೆ ಹೋದ ಎಷ್ಟೋ ಕುಟುಂಬಗಳು ಟ್ಯಾಕ್ಸಿಯ ಕಿಟಕಿಯಿಂದಲೇ ಪರ್ವತ ನೋಡಿ, ಬಾಡಿಗೆ ಕೋಟು ತೊಟ್ಟು ಹಿಮದ ಮೇಲೆ ಫೋಟೊ ತೆಗೆಸಿಕೊಂಡು ಊರಿಗೆ ಮರಳುತ್ತವೆ.

ಆದರೆ ಅದೇ ಕಣಿವೆಯಲ್ಲಿ ಎಂಟು ವರ್ಷದ ಮಗು ಅಜ್ಜಿಯ ಕೈ ಹಿಡಿದು ನಡೆಯಬಹುದಾದ ಕಾಲುದಾರಿಗಳಿವೆ. ಹಗ್ಗ ಬೇಡ, ಹಿಮಗೊಡಲಿ ಬೇಡ. ಕಾಲಿಗೆ ಹಿಡಿತವಿರುವ ಒಂದು ಜೊತೆ ಶೂ, ಬಾಟಲಿಯಲ್ಲಿ ನೀರು, ಬುತ್ತಿಯಲ್ಲಿ ಚಪಾತಿ, ಅರ್ಧ ದಿನದ ಬಿಡುವು - ಇಷ್ಟಿದ್ದರೆ ಸಾಕು. ಜೊತೆಗೆ ಇನ್ನೊಂದು ಬೇಕು: ಬೆಟ್ಟದ ನದಿಯ ಸ್ವಭಾವದ ತಿಳಿವಳಿಕೆ. ಅದನ್ನು ಮರೆತವರಿಗೆ ಈ ಕಣಿವೆ ಕಠಿಣ ಪಾಠ ಕಲಿಸಿದೆ.

ಪಾಶ ಬಿಡಿಸಿದ ನದಿ

ಹಿಮಾಚಲ ಪ್ರದೇಶದ ಕುಲ್ಲು ಕಣಿವೆಯನ್ನು ರೂಪಿಸಿದ್ದು ಬಿಯಾಸ್ ನದಿ. ರೋಹ್ತಾಂಗ್ ಕಣಿವೆದಾರಿಯ ಆಸುಪಾಸಿನಲ್ಲಿ ಹುಟ್ಟಿ, ಸುಮಾರು 470 ಕಿಲೋಮೀಟರ್ ಹರಿದು, ಪಂಜಾಬಿನ ಹರಿಕೆ ಎಂಬಲ್ಲಿ ಸಟ್ಲೆಜ್ ನದಿಯನ್ನು ಸೇರುತ್ತದೆ. ಪಂಜಾಬಿನ 'ಐದು ನದಿ'ಗಳಲ್ಲಿ ಇದೂ ಒಂದು. ಕ್ರಿ.ಪೂ. 326ರಲ್ಲಿ ಅಲೆಕ್ಸಾಂಡರನ ಸೈನ್ಯ ಇನ್ನು ಮುಂದೆ ಬರಲಾರೆವೆಂದು ನಿಂತದ್ದು ಇದೇ ನದಿಯ ಕೆಳಪಾತ್ರದ ದಂಡೆಯಲ್ಲಿ. ಗ್ರೀಕರು ಅದನ್ನು ಹೈಫಾಸಿಸ್ ಎಂದು ಕರೆದರು.

ನಮ್ಮ ಪುರಾಣದಲ್ಲಿ ಅದರ ಹೆಸರು ವಿಪಾಶಾ. ಮಕ್ಕಳನ್ನು ಕಳೆದುಕೊಂಡ ದುಃಖದಲ್ಲಿ ವಸಿಷ್ಠರು ಕೈಕಾಲಿಗೆ ಹಗ್ಗ ಬಿಗಿದುಕೊಂಡು ನದಿಗೆ ಹಾರಿದರಂತೆ. ನದಿ ಅವರನ್ನು ಮುಳುಗಿಸಲಿಲ್ಲ. ಕಟ್ಟು ಬಿಡಿಸಿ ದಡಕ್ಕೆ ಸೇರಿಸಿತು. ಪಾಶ ಬಿಡಿಸಿದವಳು ವಿಪಾಶಾ ಎಂದು ಮಹಾಭಾರತ ಹೇಳುತ್ತದೆ. ಆ ಋಷಿಯ ಹೆಸರಿನ ಹಳ್ಳಿ ಇಂದಿಗೂ ಮನಾಲಿಯ ಎದುರು ದಂಡೆಯಲ್ಲಿದೆ.

ಹಿಡಿಂಬೆಯ ಕಾಡಿನಲ್ಲಿ

ಮೊದಲ ದಿನಕ್ಕೆ ಹೇಳಿ ಮಾಡಿಸಿದ ದಾರಿ ಮನಾಲಿ ಪೇಟೆಯಿಂದ ಧುಂಗ್ರಿ ವನಕ್ಕೆ. ಸುಮಾರು ಎರಡು ಕಿಲೋಮೀಟರ್ ಏರು. ಪೇಟೆಯ ಗದ್ದಲ ಹಿಂದೆ ಸರಿದು, ಆಕಾಶಕ್ಕೆ ನೇರ ನಿಂತ ದೇವದಾರು ಮರಗಳ ನೆರಳು ಆವರಿಸುತ್ತದೆ. ಅವುಗಳ ನಡುವೆ 1553ರಲ್ಲಿ ರಾಜಾ ಬಹಾದೂರ್ ಸಿಂಗ್ ಕಟ್ಟಿಸಿದ ಹಿಡಿಂಬಾ ದೇವಾಲಯ. ಸುಮಾರು 24 ಮೀಟರ್ ಎತ್ತರದ, ಅಂತಸ್ತಿನ ಮೇಲೆ ಅಂತಸ್ತಾಗಿ ಕಿರಿದಾಗುತ್ತ ಹೋಗುವ ಮರದ ಛಾವಣಿ. ಬಾಗಿಲ ತುಂಬ ಕೆತ್ತನೆ. ಗರ್ಭಗುಡಿಯಲ್ಲಿ ಇರುವುದು ದೊಡ್ಡದೊಂದು ಬಂಡೆ, ದೇವಿಯ ಪಾದದ ಗುರುತು.

ಭೀಮನ ಮಡದಿ, ಘಟೋತ್ಕಚನ ತಾಯಿ ಹಿಡಿಂಬೆ ಇಲ್ಲಿ ರಾಕ್ಷಸಿಯಲ್ಲ, ಊರ ತಾಯಿ. ಆಕೆ ಬಂದ ಹೊರತು ಕುಲ್ಲು ದಸರಾ ಆರಂಭವಾಗದು. ಅತ್ತ ಹಿಮಾಲಯದಲ್ಲಿ ತಂಗಿಗೆ ಗುಡಿಯಾದರೆ, ಇತ್ತ ಚಿತ್ರದುರ್ಗದ ಕೋಟೆಯಲ್ಲಿ ಅಣ್ಣ ಹಿಡಿಂಬನ ಹೆಸರಿನ ಹಿಡಿಂಬೇಶ್ವರನಿದ್ದಾನೆ! ಮಕ್ಕಳಿಗೆ ಈ ಎರಡು ಊರುಗಳ ನಂಟು ಹೇಳಿದರೆ ಏರಿನ ದಣಿವು ಅರ್ಧ ಇಳಿಯುತ್ತದೆ.

ಅಲ್ಲಿಂದ ಕಾಡಿನೊಳಗಿನ ದಾರಿ ಹಿಡಿದು ಇಳಿದರೆ ಮನಾಲ್ಸು ಹೊಳೆ. ಸೇತುವೆ ದಾಟಿ ಮೇಲೇರಿದರೆ ಹಳೆಯ ಮನಾಲಿ ಗ್ರಾಮ, ಅದರ ತುದಿಯಲ್ಲಿ ಮನು ದೇವಾಲಯ. ಮನುವಿನ ಆಲಯ ಎಂಬುದೇ 'ಮನಾಲಿ' ಆಯಿತೆಂದು ಸ್ಥಳೀಯರ ನಂಬಿಕೆ. ಎಲ್ಲಿಯೂ ನಿಲ್ಲುವ ಅವಸರವಿಲ್ಲದೆ, ಓಡುವ ಅವಸರವೂ ಇಲ್ಲದೆ ನಡೆದರೆ ಒಂದು ಮುಂಜಾನೆಗೆ ಇಷ್ಟು ಸಾಕು.

ಬಿಸಿನೀರು, ತಣ್ಣೀರು

ಎರಡನೆಯ ದಿನ ನದಿಯ ಎಡದಂಡೆಗೆ. ಮನಾಲಿಯಿಂದ ಸುಮಾರು ಮೂರು ಕಿಲೋಮೀಟರ್ ದೂರದ ವಶಿಷ್ಠ ಗ್ರಾಮದ ಗುಡಿಯಲ್ಲಿ ಗಂಧಕದ ವಾಸನೆಯ ಬಿಸಿನೀರಿನ ಬುಗ್ಗೆಗಳಿವೆ. ನೆಲದಾಳಕ್ಕೆ ಇಳಿದ ನೀರು ಅಲ್ಲಿನ ಶಾಖಕ್ಕೆ ಕಾದು, ಬಂಡೆಗಳ ಬಿರುಕಿನಿಂದ ಮತ್ತೆ ಮೇಲೆ ಬರುತ್ತದೆ. ಹಿಮಾಲಯ ಇನ್ನೂ ಬೆಳೆಯುತ್ತಿರುವ ಪರ್ವತ ಎಂಬ ಭೂಗೋಳದ ಪಾಠಕ್ಕೆ ಇದೊಂದು ಪುರಾವೆ.

ಗುಡಿಯ ಹಿಂದಿನಿಂದ ಸೇಬಿನ ತೋಟ, ಪೈನ್ ಮರಗಳ ನಡುವೆ ಹೊರಡುವ ಕಾಲುದಾರಿ ಜೋಗಿಣಿ ಜಲಪಾತಕ್ಕೆ ಕರೆದೊಯ್ಯುತ್ತದೆ. ದೊಡ್ಡವರಿಗೆ ಮುಕ್ಕಾಲು ಗಂಟೆ, ಒಂದು ಗಂಟೆಯ ನಡಿಗೆ. ಬಲಕ್ಕೆ ಬೆಟ್ಟ, ಎಡಕ್ಕೆ ಕೆಳಗೆ ಬಿಯಾಸ್, ಎದುರಿಗೆ ಹಿಮದ ಶಿಖರಗಳು. ಜಲಪಾತದ ಬುಡ ಕಂಡಲ್ಲಿಗೆ ಕುಟುಂಬದ ಚಾರಣ ಮುಗಿಯಬೇಕು. ಮೇಲಿನ ಕೊಳಕ್ಕೆ ಹತ್ತುವ ದಾರಿ ಕಡಿದು. ಬಂಡೆಗಳು ನೀರಿನ ಸಿಂಚನದಿಂದ ಜಾರುತ್ತವೆ. 'ಇನ್ನೊಂದು ಸ್ವಲ್ಪ' ಎನ್ನುವ ಹದಿನಾರರ ಹುಡುಗನಿಗೆ 'ಇಲ್ಲಿಗೆ ಸಾಕು' ಎನ್ನುವುದನ್ನು ಕಲಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ.

ನಗ್ಗರದ ಕಲ್ಲು-ಮರದ ಮನೆ

ಮೂರನೆಯದು ಎಡದಂಡೆಯಲ್ಲೇ ಸುಮಾರು 20 ಕಿಲೋಮೀಟರ್ ಕೆಳಗಿರುವ ನಗ್ಗರ್. ಹದಿನೇಳನೆಯ ಶತಮಾನದವರೆಗೆ ಇದೇ ಕುಲ್ಲು ಅರಸರ ರಾಜಧಾನಿ. ಇಲ್ಲಿನ ಅರಮನೆಯ ಗೋಡೆಗಳನ್ನು ಗಮನಿಸಬೇಕು - ಒಂದು ಸಾಲು ಕಲ್ಲು, ಒಂದು ಸಾಲು ಮರದ ತೊಲೆ, ನಡುವೆ ಗಾರೆಯಿಲ್ಲ. ಕಾಠ್‌ಕುಣಿ ಎಂಬ ಈ ಪದ್ಧತಿಯಲ್ಲಿ ನೆಲ ನಡುಗಿದಾಗ ಗೋಡೆ ಬಿರಿಯುವ ಬದಲು ತುಸು ಅಲುಗಿ ಮತ್ತೆ ನಿಲ್ಲುತ್ತದೆ. 1905ರ ಏಪ್ರಿಲ್ 4ರ ಕಾಂಗಡಾ ಭೂಕಂಪದಲ್ಲಿ ಸುಮಾರು 20,000 ಮಂದಿ ಸತ್ತರು. ನಗ್ಗರದ ಅರಮನೆ ಉಳಿಯಿತು. ಸಿವಿಲ್ ಎಂಜಿನಿಯರಿಂಗ್ ಓದುವ ಮಕ್ಕಳು ಅರ್ಧ ಗಂಟೆ ಇಲ್ಲಿ ಕೂತು ಚಿತ್ರ ಬರೆದುಕೊಳ್ಳಬಹುದು.

ಅರಮನೆಯಿಂದ ಊರ ನಡುವಿನ ಏರುದಾರಿಯಲ್ಲಿ ತ್ರಿಪುರಸುಂದರಿಯ ಗುಡಿ ದಾಟಿ ಸಾಗಿದರೆ ರಷ್ಯದ ಕಲಾವಿದ ನಿಕೊಲಾಯ್ ರೋರಿಕ್ ಅವರ ಮನೆ. 1928ರಲ್ಲಿ ಇಲ್ಲಿ ನೆಲೆಸಿದ ಅವರು ಹಿಮಾಲಯದ ನೀಲಿ, ನೇರಳೆ ಬಣ್ಣಗಳನ್ನು ನೂರಾರು ಚಿತ್ರಗಳಲ್ಲಿ ಹಿಡಿದಿಟ್ಟು 1947ರಲ್ಲಿ ಇಲ್ಲೇ ತೀರಿಕೊಂಡರು. ಮನೆ ಈಗ ಸಂಗ್ರಹಾಲಯ. ಅವರ ಮಗ ಸ್ವೆತೊಸ್ಲಾವ್ ರೋರಿಕ್ ಮತ್ತು ಸೊಸೆ, ಚಿತ್ರನಟಿ ದೇವಿಕಾರಾಣಿ ಬಾಳಿದ್ದು ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿ ತೋಟದಲ್ಲಿ ಎಂಬುದು ಕನ್ನಡಿಗರಿಗೆ ಗೊತ್ತಿರುವ ಸಂಗತಿಯೇ.

ಎಷ್ಟು ಹೊತ್ತು ಬೇಕು?

ಚಾರಣದ ಲೆಕ್ಕ ಕಷ್ಟದ್ದೇನಲ್ಲ. 1892ರಲ್ಲಿ ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ. ಸಮತಟ್ಟಿನಲ್ಲಿ ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ. ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅಂದರೆ 5 ಕಿಲೋಮೀಟರ್ ದೂರ, 300 ಮೀಟರ್ ಏರು ಇದ್ದರೆ ಒಂದೂವರೆ ಗಂಟೆ. ಇದು ಗಟ್ಟಿಮುಟ್ಟಾದ ವಯಸ್ಕರ ಲೆಕ್ಕ. ಮಕ್ಕಳು, ಹಿರಿಯರು ಇದ್ದರೆ ದುಪ್ಪಟ್ಟು, ಮೂರು ಗಂಟೆ ಹಿಡಿಯುವುದು ಜಾಣತನ. ಹೊರಡುವ ಮುನ್ನ ಮಕ್ಕಳಿಂದಲೇ ಈ ಲೆಕ್ಕ ಮಾಡಿಸಿ, ಮರಳಿದ ಮೇಲೆ ಗಡಿಯಾರದೊಂದಿಗೆ ಹೋಲಿಸಿ ನೋಡಿ.

ಮನಾಲಿ ಸಮುದ್ರಮಟ್ಟದಿಂದ ಸುಮಾರು 2,050 ಮೀಟರ್ ಎತ್ತರದಲ್ಲಿದೆ. ಗಾಳಿಯ ಒತ್ತಡ ಸಮುದ್ರತೀರದ ಐದರಲ್ಲಿ ನಾಲ್ಕು ಪಾಲು ಮಾತ್ರ. ಮೊದಲ ದಿನ ಏದುಸಿರು ಬಂದರೆ ಗಾಬರಿ ಬೇಡ. ನಿಧಾನವಾಗಿ ನಡೆದು, ಹೆಚ್ಚು ನೀರು ಕುಡಿದರೆ ಸಾಕು. ಎತ್ತರದ ಕಾಯಿಲೆ ಸಾಮಾನ್ಯವಾಗಿ ಕಾಡುವುದು 2,500 ಮೀಟರಿನ ಮೇಲೆ. ಬಂದ ಮರುದಿನವೇ 3,978 ಮೀಟರ್ ಎತ್ತರದ ರೋಹ್ತಾಂಗ್‌ಗೆ ವಾಹನ ಹತ್ತುವ ಅವಸರ ಮಾಡಿದವರಿಗೆ ತಲೆನೋವು, ವಾಂತಿ ಬರುವುದು ಇದರಿಂದಲೇ.

ನದಿಯ ಮಾತು ಕೇಳಿ

ಇಷ್ಟು ಚೆಲುವಿನ ನದಿಗೆ ಇನ್ನೊಂದು ಮುಖವಿದೆ. 2014ರ ಜೂನ್ 8ರ ಸಂಜೆ ಹೈದರಾಬಾದಿನಿಂದ ಪ್ರವಾಸ ಬಂದಿದ್ದ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮಂಡಿ ಜಿಲ್ಲೆಯ ಥಲೌಟ್ ಬಳಿ ಬಸ್ಸಿಳಿದು, ನೀರು ಕಡಿಮೆಯಿದ್ದ ಬಿಯಾಸ್ ಪಾತ್ರದ ಬಂಡೆಗಳ ಮೇಲೆ ಫೋಟೊ ತೆಗೆದುಕೊಳ್ಳುತ್ತಿದ್ದರು. ಮೇಲಿನ ಲಾರ್ಜಿ ಅಣೆಕಟ್ಟೆಯ ಬಾಗಿಲು ತೆರೆಯಿತು. ಬಂಡೆಗಳ ಸುತ್ತ ನೀರು ಏರಿತು. ದಡ ಕೆಲವೇ ಮಾರು ದೂರವಿದ್ದರೂ ಮರಳಲಾಗಲಿಲ್ಲ. 24 ವಿದ್ಯಾರ್ಥಿಗಳು ಮತ್ತು ಪ್ರವಾಸದ ಒಬ್ಬ ಮೇಲ್ವಿಚಾರಕ ಪ್ರಾಣ ಕಳೆದುಕೊಂಡರು. ಅವರಾರೂ ಸಾಹಸಕ್ಕೆ ಹೋದವರಲ್ಲ, ಈಜಲು ಇಳಿದವರೂ ಅಲ್ಲ. ಒಣಗಿದ ಬಂಡೆಯನ್ನು ದಡವೆಂದು ನಂಬಿದ್ದೇ ಮುಳುವಾಯಿತು.

ಆದ್ದರಿಂದ ಕೆಲವು ಸರಳ ನಿಯಮಗಳನ್ನು ಮನೆಮಂದಿಯೆಲ್ಲ ಬಾಯಿಪಾಠ ಮಾಡಿಕೊಳ್ಳಬೇಕು.

* ನದಿಯ ಪಾತ್ರದ ಬಂಡೆ ನದಿಗೇ ಸೇರಿದ್ದು. ಹುಲ್ಲು, ಗಿಡ ಬೆಳೆದಿರುವ ದಂಡೆಯ ಮೇಲೆಯೇ ನಿಂತು ನೋಡಿ. ಉರುಟಾದ, ನುಣುಪಾದ ಕಲ್ಲುಗಳಿದ್ದಲ್ಲಿ ನೀರು ಬಂದುಹೋಗುತ್ತದೆ ಎಂದೇ ಅರ್ಥ.

* ಅಣೆಕಟ್ಟೆಯ ಕೆಳಗಿನ ಭಾಗದಲ್ಲಿ ಎಚ್ಚರಿಕೆಯ ಫಲಕ ಇರಲಿ, ಇಲ್ಲದಿರಲಿ, ನೀರಿಗೆ ಇಳಿಯಬೇಡಿ. ಸೈರನ್ ಕೇಳಿದರೆ ಚೀಲ, ಕ್ಯಾಮೆರಾ ಬಿಟ್ಟು ಮೇಲಕ್ಕೆ ಓಡಿ.

* ಹಿಮ ಕರಗಿ ಹರಿಯುವ ಹೊಳೆಗಳು ಬೆಳಿಗ್ಗೆ ಸಣ್ಣಗಿದ್ದು, ಬಿಸಿಲೇರಿದಂತೆ ಉಬ್ಬುತ್ತವೆ. ಬೆಳಿಗ್ಗೆ ಮೊಣಕಾಲು ಮುಟ್ಟಿದ ನೀರು ಸಂಜೆ ಸೊಂಟಕ್ಕೆ ಬರಬಹುದು. ಸೇತುವೆಯಿದ್ದರೆ ಮಾತ್ರ ದಾಟಿ.

* ನೀರಿನ ಬಣ್ಣ ಒಮ್ಮೆಲೇ ಕೆಂಪು-ಕಂದಾದರೆ, ಕಸಕಡ್ಡಿ ತೇಲಿಬಂದರೆ, ಸದ್ದು ಬದಲಾದರೆ ಮೇಲೆಲ್ಲೋ ಮಳೆ ಸುರಿದಿದೆ ಎಂದು ತಿಳಿಯಿರಿ.

ಯಾವಾಗ ಹೋಗಬೇಕು?

ಜುಲೈನಿಂದ ಸೆಪ್ಟೆಂಬರ್ ನಡುವಿನವರೆಗೆ ಹೋಗದಿರುವುದೇ ಲೇಸು. 2023ರ ಜುಲೈ 9 ಮತ್ತು 10ರಂದು ಸುರಿದ ಮಳೆಗೆ ಬಿಯಾಸ್ ಹೆದ್ದಾರಿಯನ್ನೇ ಅಲ್ಲಲ್ಲಿ ಕೊಚ್ಚಿಕೊಂಡು ಹೋಯಿತು. ಸಾವಿರಾರು ಪ್ರವಾಸಿಗರು ಕಣಿವೆಯಲ್ಲಿ ಸಿಕ್ಕಿಬಿದ್ದರು. ಮೇ, ಜೂನ್ ಆರಂಭದಲ್ಲಿ ಹವೆ ಹಿತ, ಆದರೆ ಜನಜಂಗುಳಿ. ಕರ್ನಾಟಕದ ಮಕ್ಕಳಿಗೆ ಒಳ್ಳೆಯ ಕಾಲವೆಂದರೆ ಅಕ್ಟೋಬರ್, ದಸರಾ ರಜೆಯ ದಿನಗಳು. ಆಕಾಶ ತಿಳಿ, ನದಿ ತಿಳಿ. ಮೈಸೂರಿನಲ್ಲಿ ವಿಜಯದಶಮಿಗೆ ದಸರಾ ಮುಗಿದರೆ, ಕುಲ್ಲುವಿನಲ್ಲಿ ಅಂದೇ ಶುರು! ಏಳು ದಿನ ಹಳ್ಳಿಹಳ್ಳಿಯ ದೇವರುಗಳು ಪಲ್ಲಕ್ಕಿಯೇರಿ ಬರುತ್ತವೆ. ರಾತ್ರಿ ಮಾತ್ರ ಚಳಿ ಕೊರೆಯುತ್ತದೆ. ಒಂದು ದಪ್ಪ ಸ್ವೆಟರಿಗಿಂತ ಮೂರು ತೆಳು ಉಡುಪು ಮೇಲು.

ದಿಲ್ಲಿ ಅಥವಾ ಚಂಡೀಗಢದವರೆಗೆ ರೈಲು, ಅಲ್ಲಿಂದ ಬಸ್ಸು. ಹೊರಡುವ ಮೊದಲು ಹವಾಮಾನದ ಮುನ್ಸೂಚನೆ, ರಸ್ತೆಯ ಸ್ಥಿತಿ ವಿಚಾರಿಸಿಕೊಳ್ಳಿ. ತಂದ ಪ್ಲಾಸ್ಟಿಕ್ ಚೀಲಗಳನ್ನು ದೇವದಾರು ವನದಲ್ಲಿ ಬಿಡದೆ ವಾಪಸು ತನ್ನಿ.

ಮೂರು ದಿನ ನಡೆದು ಬಂದ ಮಗು ಶಿಖರ ಏರಿರುವುದಿಲ್ಲ, ಪದಕ ಗೆದ್ದಿರುವುದಿಲ್ಲ. ಆದರೆ ಹೊಳೆ ಕಂಡಾಗ ಮೊದಲು ಸೇತುವೆ ಎಲ್ಲಿದೆ ಎಂದು ನೋಡುವುದನ್ನು ಕಲಿತಿರುತ್ತದೆ. ನೇತ್ರಾವತಿಯ ದಡದಲ್ಲಾಗಲಿ, ಕಾವೇರಿಯ ಸುಳಿಯ ಬಳಿಯಾಗಲಿ ಮುಂದೊಂದು ದಿನ ಗೆಳೆಯರೊಡನೆ ನಿಂತಾಗ ಆ ಅಭ್ಯಾಸವೇ ಅದರ ಕೈ ಹಿಡಿದು ಹಿಂದಕ್ಕೆಳೆಯುತ್ತದೆ. ಅಪ್ಪ-ಅಮ್ಮ ಆಗ ಜೊತೆಗಿರುವುದಿಲ್ಲ.