ಬಂಡೆಯಡಿಯ ಅಂಚೆಪೆಟ್ಟಿಗೆ

ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ಬೋಳುಗುಡ್ಡಗಳ ಸೀಮೆಯಲ್ಲಿ ಅಂಚೆಪೆಟ್ಟಿಗೆ ಬಂಡೆಯ ಸಂದಿಯಲ್ಲಿ ಅಡಗಿರುತ್ತದೆ. 1854ರಲ್ಲಿ ಜೇಮ್ಸ್ ಪೆರಟ್ ಎಂಬ ಗೈಡ್ ಕ್ರಾನ್‌ಮಿಯರ್ ಪೂಲ್ ಎಂಬಲ್ಲಿ ಒಂದು ಬಾಟಲಿ ಇಟ್ಟ. ಅಲ್ಲಿವರೆಗೆ ನಡೆದುಬಂದವರು ಹೆಸರಿನ ಚೀಟಿ ಹಾಕುತ್ತಿದ್ದರು. ಮುಂದೆ ಜನ ತಮ್ಮದೇ ವಿಳಾಸದ ಕಾರ್ಡು ಬಿಟ್ಟುಬರತೊಡಗಿದರು. ನಂತರ ಬಂದವರು ಅದನ್ನು ಒಯ್ದು ಅಂಚೆಗೆ ಹಾಕಬೇಕು. ಗುರುತಿಲ್ಲದವರ ಮೇಲೆ ಎಂಥ ನಂಬಿಕೆ ನೋಡಿ!

ಈಗ ಡಬ್ಬಿಯಲ್ಲಿ ಒಂದು ರಬ್ಬರ್ ಸ್ಟ್ಯಾಂಪು, ಒಂದು ನೋಟ್‌ಬುಕ್ಕು. ಅದರ ಸ್ಟ್ಯಾಂಪು ನಿಮ್ಮ ಪುಸ್ತಕಕ್ಕೆ, ನಿಮ್ಮದು ಅದರ ಪುಸ್ತಕಕ್ಕೆ.

2000ರಲ್ಲಿ ಜಿಪಿಎಸ್ ನಂಬಿದ ಜಿಯೋಕ್ಯಾಶಿಂಗ್ ಬಂತು. ಆದರೂ ಹಳೆಯ ಆಟಕ್ಕೆ ಮರಳುವುದರಲ್ಲಿ ಬೇರೆಯೇ ರುಚಿ. ಮೊಬೈಲ್ ಚುಕ್ಕಿ ತೋರಿಸಿಬಿಡುತ್ತದೆ. ಇಲ್ಲಿ ದೂರದ ಎರಡು ಗುರುತುಗಳ ದಿಕ್ಕು ಅಳೆದು, ಗೆರೆಗಳು ಕೂಡುವ ಜಾಗ ನಾವೇ ಹುಡುಕಬೇಕು.

ನಿಪ್ಪಾಣಿ ಹತ್ತಿರದ ಸ್ತವನಿಧಿ ಗುಡ್ಡದಲ್ಲಿ ನಾವೂ ಆಡಬಹುದು. ಮನೆಯ ಕಿಬ್ಲಾ ಕಂಪಾಸೂ ನಡೆಯುತ್ತದೆ. ಕೆಲವದರಲ್ಲಿ ಸುತ್ತು 360ರ ಬದಲು 40 ಭಾಗ. ಒಂದು ಭಾಗಕ್ಕೆ 9 ಡಿಗ್ರಿ ಎಂದು ಲೆಕ್ಕ ಹಾಕಿ.

ಬಸದಿ, ದರ್ಗಾ, ಹಳೆಯ ಗೋಡೆಗಳ ಸಂದಿಯಲ್ಲಿ ಮಾತ್ರ ಡಬ್ಬಿ ಬೇಡ. ಡಾರ್ಟ್‌ಮೂರಿನಲ್ಲೂ ಪುರಾತನ ಕಲ್ಲುಗಳಲ್ಲಿ ಇಡುವಂತಿಲ್ಲ. ಜಾಗದವರನ್ನು ಕೇಳಿ ಇಡಿ. ಮುಚ್ಚಳದ ಮೇಲೆ ಕಾಲೇಜಿನ ಹೆಸರು, ಒಳಗೇನಿದೆ ಎಂಬುದನ್ನು ಬರೆಯಿರಿ. ವಾರಸುದಾರರಿಲ್ಲದ ಡಬ್ಬಿ ಕಂಡರೆ ಜನ ಗಾಬರಿಯಾಗುತ್ತಾರೆ.