ಗದ್ದೆಬದಿಯ ಉಲಾಯಿ-ಪಿದಾಯಿ, ಹಡಗಿನ ಬ್ಯಾಕರಾ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಸುದ್ದಿಗಳನ್ನು ದಿನವೂ ಓದುವವರಿಗೆ ಒಂದು ಸುದ್ದಿಯ ಒಕ್ಕಣೆ ಬಾಯಿಪಾಠವಾಗಿರುತ್ತದೆ. ಊರಿನ ಹೆಸರು ಬದಲಾಗುತ್ತದೆ, ಸಿಕ್ಕಿದ ಹಣದ ಮೊತ್ತ ಬದಲಾಗುತ್ತದೆ. ‘ಉಲಾಯಿ-ಪಿದಾಯಿ ಎಂಬ ಅದೃಷ್ಟದ ಜುಗಾರಿ ಆಟ’ ಎಂಬ ಮಾತು ಮಾತ್ರ ಹಾಗೆಯೇ ಉಳಿಯುತ್ತದೆ. ಕೊನೆಯಲ್ಲಿ ಪೊಲೀಸರು ವಶಪಡಿಸಿಕೊಂಡ ವಸ್ತುಗಳ ಪಟ್ಟಿ: ನಗದು, ಇಸ್ಪೀಟು ಎಲೆಗಳು, ನೆಲಕ್ಕೆ ಹಾಸಿದ್ದ ಟಾರ್ಪಾಲು. ಆ ಒಕ್ಕಣೆಯಲ್ಲಿ ‘ಅದೃಷ್ಟದ’ ಎಂಬುದು ಅಲಂಕಾರಕ್ಕೆ ಬಂದದ್ದಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಕೌಶಲದ ಆಟಗಳಿಗೆ ವಿನಾಯಿತಿ ಕೊಡುತ್ತದೆ. ಹಾಗಾಗಿ ಆಟದಲ್ಲಿ ಕೌಶಲವಿರಲಿಲ್ಲ, ಬರೀ ಅದೃಷ್ಟವಿತ್ತು ಎಂಬುದರ ಮೇಲೆ ಇಡೀ ಮೊಕದ್ದಮೆ ನಿಂತಿರುತ್ತದೆ.

ತುಳುವಿನ ಉಲಾಯಿ ಎಂದರೆ ಒಳಗೆ, ಪಿದಾಯಿ ಎಂದರೆ ಹೊರಗೆ. ಘಟ್ಟ ಹತ್ತಿದರೆ ಇದೇ ಆಟ ಅಂದರ್-ಬಾಹರ್ ಆಗುತ್ತದೆ, ತಮಿಳುನಾಡಿಗೆ ಹೋದರೆ ಮಂಗಾತ. ಅಂದರ್-ಬಾಹರಿಗೆ ಬೆಂಗಳೂರೇ ತವರು ಎಂಬ ಮಾತೂ ಬಳಕೆಯಲ್ಲಿದೆ. ಗೋವಾದ ಕ್ಯಾಸಿನೊ ಹಡಗುಗಳಲ್ಲಿ ಆಡುವ ಬ್ಯಾಕರಾ ಎಂಬ ಎಲೆಯಾಟವನ್ನು ಕಲಿಯುವುದು ಹೇಗೆ ಎಂದು ಈಗ ನಮ್ಮ ಪೇಟೆಯ ಹುಡುಗರೂ ಕೇಳುತ್ತಾರೆ. ಅವರಿಗೆ ನಾನು ಹೇಳುವುದಿಷ್ಟು: ಅದರ ಅಣ್ಣನೋ ತಮ್ಮನೋ ನಿಮ್ಮೂರಿನ ಗದ್ದೆಬದಿಯಲ್ಲೇ ಇದೆ. ಎರಡರಲ್ಲೂ ಆಡುವವನು ಕಲಿಯಬೇಕಾದ ಕೈಚಳಕ ಒಂದೂ ಇಲ್ಲ. ಕಲಿಯಬೇಕಾದ್ದು ಲೆಕ್ಕ.

ಗದ್ದೆಬದಿಯ ಆಟ ಹೀಗೆ. ಟಾರ್ಪಾಲಿನ ಒಂದು ಬದಿ ಉಲಾಯಿ, ಇನ್ನೊಂದು ಪಿದಾಯಿ. 52 ಎಲೆಯ ಕಟ್ಟನ್ನು ಕಲಸಿ, ಯಾರ ಕೈಯಲ್ಲಾದರೂ ಕಡಿಸಿ, ಒಂದು ಎಲೆಯನ್ನು ಎಲ್ಲರಿಗೂ ಕಾಣುವಂತೆ ಮಗುಚಿ ಇಡುತ್ತಾರೆ. ಅದು ಆಟೀನು ಏಳು ಎಂದಿಟ್ಟುಕೊಳ್ಳಿ. ಕಟ್ಟಿನೊಳಗೆ ಇನ್ನು ಮೂರು ಏಳು ಉಳಿದಿವೆ. ಅವುಗಳಲ್ಲಿ ಮೊದಲು ಬರುವುದು ಯಾವ ಬದಿಗೆ ಬೀಳುತ್ತದೆ ಎಂಬುದಕ್ಕೆ ಪಂಥ. ಹಣ ಇಟ್ಟಾಯಿತು. ಕಳಾವರ್ ರಾಜ ಒಳಗೆ, ಡೈಮನ್ ಮೂರು ಹೊರಗೆ, ಇಸ್ಪೀಟು ಗುಲಾಮ ಒಳಗೆ, ಆಟೀನು ಎಕ್ಕ ಹೊರಗೆ. ಎಲೆ ಬೀಳುವ ವೇಗ ಒಂದೇ ಸಮ. ಸುತ್ತ ಕೂತವರ ಕತ್ತು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗುತ್ತದೆ. ಕಳಾವರ್ ಏಳು ಹೊರಗೆ ಬಿತ್ತೋ, ಪಿದಾಯಿಗೆ ಇಟ್ಟವರು ಗೆದ್ದರು. ಎಲೆ ಬಾಚಿಕೊಂಡು ಮತ್ತೆ ಕಲಸಲು ಶುರು.

ಇದರ ಗಣಿತವನ್ನು ಕಾಗದದ ಮೇಲೆ ಹಾಕಿ ನೋಡಬಹುದು. ಉಳಿದ 51 ಎಲೆಗಳಲ್ಲಿ ಬೇಕಾದ್ದು ಮೂರು. ಸರಾಸರಿ 13ನೆಯ ಎಲೆಗೆ ಅವುಗಳಲ್ಲಿ ಮೊದಲನೆಯದು ಕಾಣಿಸುತ್ತದೆ. ಮೊದಲ ಎಲೆ ಯಾವ ಬದಿಗೆ ಬೀಳುತ್ತದೋ ಆ ಬದಿ ಪ್ರತಿ ಸುತ್ತಿನಲ್ಲೂ ಒಂದು ಹೆಜ್ಜೆ ಮುಂದಿರುತ್ತದೆ. ಅದು ಗೆಲ್ಲುವ ಸಂಭವ ನೂರಕ್ಕೆ 51.5, ಇನ್ನೊಂದರದ್ದು 48.5. ಕ್ಯಾಸಿನೊದವರು ಇದನ್ನು ಬಲ್ಲರು. ಹಾಗಾಗಿ ಸಾಮಾನ್ಯವಾಗಿ ಮೊದಲ ಬದಿ ಗೆದ್ದರೆ 100 ರೂಪಾಯಿಗೆ 90 ಮಾತ್ರ ಕೊಡುತ್ತಾರೆ, ಎರಡನೆಯದಕ್ಕೆ ಪೂರ್ತಿ 100. ಈಗ ಮೊದಲ ಬದಿಗೆ ಹಾಕುತ್ತಾ ಹೋದವನು ಹೂಡುವ ಪ್ರತಿ ನೂರಕ್ಕೆ ಸುಮಾರು 2.15 ರೂಪಾಯಿ, ಎರಡನೆಯದಕ್ಕೆ ಹಾಕಿದವನು 3 ರೂಪಾಯಿ ಬಿಟ್ಟು ಬರುತ್ತಾನೆ. ಗದ್ದೆಬದಿಯಲ್ಲಿ ಆಡಿಸುವವನು ಎರಡೂ ಬದಿಯ ಗೆಲುವಿನಿಂದ ನೂರಕ್ಕೆ ಹತ್ತು ಕಮಿಷನ್ ಕಿತ್ತರೆ, ಎರಡನೆಯ ಬದಿಯವನ ನಷ್ಟ 7.85ಕ್ಕೆ ಏರುತ್ತದೆ. ಇಲ್ಲಿ ಮೋಸದ ಮಾತೇ ಇಲ್ಲ. ಎಲೆಗಳು ನೆಟ್ಟಗಿದ್ದರೂ ಲೆಕ್ಕ ಇಷ್ಟೇ.

ಇನ್ನು ಈ ಎಲೆಗಳ ಕತೆ. ಅವು ಈ ದೇಶಕ್ಕೆ ಬಂದದ್ದು ಎರಡು ದಾರಿಯಲ್ಲಿ. ಒಂದು ಉತ್ತರದಿಂದ, ಗಂಜೀಫ ಎಂಬ ಎಲೆಯಾಟವಾಗಿ. ಬಾಬರ 1527ರಲ್ಲಿ ಸಿಂಧ್ ಪ್ರಾಂತದ ಶಾ ಹಸನನಿಗೆ ಗಂಜೀಫದ ಎಲೆ ಕಳಿಸಿಕೊಟ್ಟದ್ದನ್ನು ತನ್ನ ದಿನಚರಿಯಲ್ಲಿ ಬರೆದಿದ್ದಾನೆ. ಆ ದುಂಡನೆಯ ಎಲೆಗಳು ದಕ್ಷಿಣಕ್ಕಿಳಿದು ಮೈಸೂರು ಅರಮನೆಯಲ್ಲಿ ಹೊಸ ರೂಪ ಪಡೆದವು. ಮುಮ್ಮಡಿ ಕೃಷ್ಣರಾಜ ಒಡೆಯರ ಶ್ರೀತತ್ವನಿಧಿ ಗ್ರಂಥದ ಕೌತುಕನಿಧಿ ಎಂಬ ಭಾಗದಲ್ಲಿ ಎಲೆಯಾಟಗಳ ವರ್ಣನೆ ಇದೆ. ಅವುಗಳಲ್ಲಿ ಕೆಲವಕ್ಕೆ 360 ಎಲೆಗಳು ಬೇಕು. ದೇವತೆಗಳು, ಗ್ರಹಗಳು, ವಾಹನಗಳು ತುಂಬಿದ ಆ ಎಲೆಗಳಲ್ಲಿ ಆಡಲು ಕೂತವನಿಗೆ ಪುರಾಣ ಗೊತ್ತಿರಬೇಕು, ಯಾವ ಎಲೆ ಹೋಯಿತು ಎಂಬ ನೆನಪೂ ಬೇಕು. ಆ ಕಲೆಯನ್ನು ನಮ್ಮ ಕಾಲದಲ್ಲಿ ಮತ್ತೆ ಬದುಕಿಸಲು ಶ್ರೀರಂಗಪಟ್ಟಣದಲ್ಲಿ ಕೂತು ದುಡಿದವರು ಗಂಜೀಫ ರಘುಪತಿ ಭಟ್ಟರು. ಅವರ ಎಲೆಗಳನ್ನು ಕಂಡವರಿಗೆ, ಇಸ್ಪೀಟು ಎಂದರೆ ಜುಗಾರಿ ಎಂದುಕೊಂಡ ನಾವು ಎಷ್ಟು ದೊಡ್ಡದನ್ನು ಕೈಬಿಟ್ಟೆವು ಎಂದು ಹೊಟ್ಟೆ ಉರಿಯದೆ ಇರದು.

ಇನ್ನೊಂದು ದಾರಿ ಸಮುದ್ರದ್ದು. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು, 1568ರಲ್ಲಿ ಮಂಗಳೂರಿನಲ್ಲಿ ಕೋಟೆ ಕಟ್ಟಿದರು. ಅವರ ಹಿಂದೆ ಡಚ್ಚರು, ಇಂಗ್ಲಿಷರು ಬಂದರು. ನಾಲ್ಕು ಬಣ್ಣ, 52 ಎಲೆಯ ಕಟ್ಟು ಉಳಿದದ್ದು ಈ ದಾರಿಯಿಂದ. ಎಲೆಗಳನ್ನು ಎರಡು ಬದಿಗೆ ಒಂದೊಂದಾಗಿ ಬೀಳಿಸಿ ಪಂಥ ಕಟ್ಟುವ ಕ್ರಮ ಯುರೋಪಿನಲ್ಲೂ ಹಳೆಯದು. 1638ರಲ್ಲಿ ವೆನಿಸ್ ನಗರದಲ್ಲಿ ಸರ್ಕಾರದ ಅಪ್ಪಣೆಯಿಂದ ತೆರೆದ ಜೂಜುಮನೆ ರಿಡೊಟ್ಟೊ. ಅಲ್ಲಿ ಜನ ಬ್ಯಾಸೆಟ್, ಫಾರೊ ಎಂಬ ಆಟಗಳಿಗೆ ಮನೆಮಾರು ಕಳೆದುಕೊಂಡರು. ಫಾರೊದಲ್ಲಿ ಒಂದು ಎಲೆ ಆಡಿಸುವವನ ಬದಿಗೆ, ಮುಂದಿನದು ಆಡುವವರ ಬದಿಗೆ ಬೀಳುತ್ತಿತ್ತು. ನಮ್ಮ ಟಾರ್ಪಾಲಿನ ಆಟಕ್ಕೂ ಅದಕ್ಕೂ ಇರುವ ಹೋಲಿಕೆ ಎದ್ದು ಕಾಣುವಂಥದ್ದು. 1718ರಲ್ಲಿ ಸಂಭವನೀಯತೆಯ ಕುರಿತು ಗ್ರಂಥ ಬರೆದ ಗಣಿತಜ್ಞ ಅಬ್ರಹಾಂ ದ ಮುಆವ್ರ ಈ ಆಟಗಳಲ್ಲಿ ಆಡಿಸುವವನ ಪಾಲೆಷ್ಟು ಎಂದು ಲೆಕ್ಕ ಹಾಕಿ ತೋರಿಸಿದ್ದ. ಮುನ್ನೂರು ವರ್ಷಗಳಿಂದ ಆ ಲೆಕ್ಕ ಯಾರು ಬೇಕಾದರೂ ಓದುವಂತೆ ತೆರೆದು ಬಿದ್ದಿದೆ.

ತುಳುನಾಡಿಗೆ ಆಟದ ಅಪಾಯ ಹೊಸತೇನಲ್ಲ. ಆಟಿ ತಿಂಗಳ ಮಳೆಗೆ ಹೊರಗೆ ಕೆಲಸವಿಲ್ಲದಾಗ ಮನೆಯೊಳಗೆ ಚೆನ್ನೆಮಣೆ ಇಳಿಯುತ್ತದೆ. 14 ಗುಳಿ, ಗುಳಿಗೆ ನಾಲ್ಕರಂತೆ 56 ಕಾಯಿ. ತುಳುವಿನ ಹಾಡುಗತೆಯಾದ ಸಿರಿಯ ಪಾಡ್ದನದಲ್ಲಿ ಅಬ್ಬಗ-ದಾರಗ ಎಂಬ ಅವಳಿ ಸೋದರಿಯರು ಆಡಲು ಕೂತದ್ದೂ ಚೆನ್ನೆಯನ್ನೇ. ಆಟ ಜಗಳಕ್ಕೆ ತಿರುಗಿ ಅಕ್ಕನ ಕೈಯ ಮಣೆ ತಂಗಿಯ ಜೀವ ತೆಗೆಯಿತು. ಜೈನಕಾಶಿ ಎನಿಸಿದ ಮೂಡುಬಿದಿರೆಯ ಬಸದಿಗಳಲ್ಲಿ ಹೇಳಿಕೊಟ್ಟ ಸಪ್ತವ್ಯಸನಗಳಲ್ಲಿ ಮೊದಲು ಬರುವುದು ಜೂಜು. ಯಕ್ಷಗಾನದ ಅಕ್ಷಯಾಂಬರ ವಿಲಾಸದಲ್ಲಿ ಧರ್ಮರಾಯ ಒಂದೊಂದಾಗಿ ಪಣಕ್ಕಿಟ್ಟು ಸೋಲುವುದನ್ನು ಇಲ್ಲಿಯ ಮಕ್ಕಳು ನಿದ್ದೆಗಣ್ಣಲ್ಲಿ ನೋಡಿಯೇ ಬೆಳೆಯುತ್ತಾರೆ. ಆದರೂ ಕೋಳಿಅಂಕದ ಗುಂಪಿನ ಹಿಂದೆ, ತೋಟದ ಮರೆಯಲ್ಲಿ, ಸಂಕದ ಅಡಿಯಲ್ಲಿ ಟಾರ್ಪಾಲು ಬಿಚ್ಚಿಕೊಳ್ಳುತ್ತಲೇ ಬಂತು. ಅಡಿಕೆ ಮಾರಿದ ದುಡ್ಡು ಕೈಯಲ್ಲಿರಬೇಕಾದ ದಿನಗಳಲ್ಲಿ ಅದು ಎಲ್ಲಿ ಹೋಯಿತು ಎಂದು ಮನೆಯವರಿಗೆ ಹೇಳಲಾಗದೆ ತಲೆ ತಗ್ಗಿಸಿ ಕೂತವರನ್ನು ನಾವೆಲ್ಲ ಕಂಡಿದ್ದೇವೆ.

ಇನ್ನು ಬ್ಯಾಕರಾ. ಹತ್ತೊಂಬತ್ತನೆಯ ಶತಮಾನದ ಫ್ರಾನ್ಸಿನ ಸಿರಿವಂತರ ಆಟ ಇದು. ಇಯಾನ್ ಫ್ಲೆಮಿಂಗ್ 1953ರ ‘ಕ್ಯಾಸಿನೊ ರಾಯಲ್’ ಕಾದಂಬರಿಯಲ್ಲಿ ಜೇಮ್ಸ್ ಬಾಂಡನನ್ನು ಕೂರಿಸಿದ್ದು ಈ ಮೇಜಿನ ಮುಂದೆಯೇ. ಆ ಹಳೆಯ ಫ್ರೆಂಚ್ ಕ್ರಮದಲ್ಲಿ ಆಡುವವನಿಗೆ ಒಂದು ಸಣ್ಣ ತೀರ್ಮಾನವಾದರೂ ಉಳಿದಿತ್ತು: ಐದು ಅಂಕ ಬಂದಾಗ ಇನ್ನೊಂದು ಎಲೆ ಕೇಳಬೇಕೋ ಬೇಡವೋ ಎಂಬುದು. 1959ರಲ್ಲಿ ಟಾಮಿ ರೆಂಜೋನಿ ಎಂಬಾತ ಹವಾನಾದಲ್ಲಿ ನಡೆಯುತ್ತಿದ್ದ ಪುಂತೊ ಬಂಕೊ ಎಂಬ ರೂಪವನ್ನು ಲಾಸ್ ವೇಗಾಸ್‌ನ ಸ್ಯಾಂಡ್ಸ್ ಕ್ಯಾಸಿನೊಗೆ ತಂದ. ಅದರಲ್ಲಿ ಈ ತೀರ್ಮಾನವೂ ಇಲ್ಲ. ಎಲ್ಲವನ್ನೂ ನಿಯಮವೇ ಮಾಡುತ್ತದೆ. ಜಗತ್ತಿನಾದ್ಯಂತ ಗೆದ್ದದ್ದು ಈ ರೂಪ.

ಅದನ್ನು ಕಲಿಯಲು ಹತ್ತು ನಿಮಿಷ ಸಾಕು. ಸಾಮಾನ್ಯವಾಗಿ ಎಂಟು ಕಟ್ಟು ಎಲೆಗಳನ್ನು ಒಟ್ಟಿಗೆ ಕಲಸುತ್ತಾರೆ. ಬದಿಗಳು ಎರಡು, ಪ್ಲೇಯರ್ ಮತ್ತು ಬ್ಯಾಂಕರ್. ಹೆಸರು ಹಾಗಿದ್ದರೂ ಇವು ಉಲಾಯಿ, ಪಿದಾಯಿಯಂತೆ ಬರೀ ಬದಿಗಳು, ನೀವು ಯಾವುದಕ್ಕೆ ಬೇಕಾದರೂ ಹಣ ಇಡಬಹುದು. ಎಕ್ಕಕ್ಕೆ ಒಂದು ಅಂಕ. ಎರಡರಿಂದ ಒಂಬತ್ತರವರೆಗೆ ಎಲೆಯಲ್ಲಿದ್ದಷ್ಟು. ಹತ್ತು, ಗುಲಾಮ, ರಾಣಿ, ರಾಜ ಎಲ್ಲಕ್ಕೂ ಸೊನ್ನೆ. ಕೂಡಿದಾಗ ಒಂಬತ್ತು ದಾಟಿದರೆ ಕೊನೆಯ ಅಂಕಿ ಮಾತ್ರ ಲೆಕ್ಕ. ಒಂಬತ್ತಕ್ಕೆ ಹತ್ತಿರವಿದ್ದವರು ಗೆದ್ದರು.

ಒಂದು ಸುತ್ತು ನೋಡೋಣ. ಪ್ಲೇಯರ್ ಬದಿಗೆ ಏಳು, ಆರು ಬಂತು. ಒಟ್ಟು 13, ಅಂದರೆ ಮೂರು. ಬ್ಯಾಂಕರ್ ಬದಿಗೆ ರಾಜ, ಐದು. ಅಂದರೆ ಐದು. ಯಾರಿಗಾದರೂ ಎಂಟೋ ಒಂಬತ್ತೋ ಬಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಪ್ಲೇಯರ್ ಬದಿ ಐದರವರೆಗೆ ಇದ್ದರೆ ಮೂರನೆಯ ಎಲೆ ಕಡ್ಡಾಯ. ನಾಲ್ಕು ಬಂತು, ಒಟ್ಟು ಏಳಾಯಿತು. ಐದು ಇಟ್ಟುಕೊಂಡ ಬ್ಯಾಂಕರ್ ಬದಿ ಈಗ ಏನು ಮಾಡಬೇಕು? ಪ್ಲೇಯರಿಗೆ ಬಂದ ಮೂರನೆಯ ಎಲೆ ನಾಲ್ಕರಿಂದ ಏಳರೊಳಗಿದ್ದರೆ ತೆಗೆಯಬೇಕು ಎನ್ನುತ್ತದೆ ನಿಯಮ. ತೆಗೆದರೆ ಮೂರು ಬಂತು, ಒಟ್ಟು ಎಂಟು. ಬ್ಯಾಂಕರ್ ಗೆದ್ದಿತು. ಅದಕ್ಕೆ 100 ಇಟ್ಟವನಿಗೆ ಸಿಗುವ ಲಾಭ 95, ಉಳಿದ ಐದು ಕ್ಯಾಸಿನೊದ ಕಮಿಷನ್. ಬ್ಯಾಂಕರ್ ಬದಿಯ ಮೂರನೆಯ ಎಲೆಯ ನಿಯಮಗಳು ನೋಡಲು ತೊಡಕು, ಆದರೆ ಅವನ್ನು ನೀವು ನೆನಪಿಡಬೇಕಾಗಿಲ್ಲ. ಮೇಜಿನವರೇ ಎಲೆ ಹಾಕುತ್ತಾರೆ.

ಬ್ಯಾಂಕರ್ ಗೆಲ್ಲುವ ಸಂಭವ ನೂರಕ್ಕೆ 45.86, ಪ್ಲೇಯರ್ 44.62, ಸರಿಸಮವಾಗುವುದು 9.52. ಹೂಡಿದ ಪ್ರತಿ ನೂರಕ್ಕೆ ಕ್ಯಾಸಿನೊ ಉಳಿಸಿಕೊಳ್ಳುವುದು ಬ್ಯಾಂಕರ್ ಬದಿಯಲ್ಲಿ 1.06, ಪ್ಲೇಯರ್ ಬದಿಯಲ್ಲಿ 1.24. ಸರಿಸಮಕ್ಕೆ ಎಂಟು ಪಟ್ಟು ಕೊಡುತ್ತೇವೆ ಎಂದು ಆಸೆ ತೋರಿಸುವ ಪಂಥದಲ್ಲಿ ಅದು 14.36ಕ್ಕೆ ಹಾರುತ್ತದೆ. ಬ್ಯಾಕರಾದಲ್ಲಿ ಕಲಿಯಬೇಕಾದ ಒಂದೇ ಪಾಠ ಬೇಕೆಂದರೆ ಇದು: ಸರಿಸಮಕ್ಕೆ ಕೈ ಹಾಕಬೇಡಿ. ಮಿಕ್ಕಿದ್ದರಲ್ಲಿ ನಿಧಾನವಾಗಿ ಸೋಲುತ್ತೀರಿ.

ಬುದ್ಧಿವಂತಿಕೆಯಿಂದ ಇದನ್ನು ಮಣಿಸಲು ನೋಡಿದವರಿಲ್ಲದಿಲ್ಲ. ಬ್ಲ್ಯಾಕ್‌ಜಾಕ್ ಆಟವನ್ನು ಎಲೆ ಎಣಿಸಿ ಗೆಲ್ಲುವ ದಾರಿಯನ್ನು 1962ರಲ್ಲಿ ಪುಸ್ತಕವಾಗಿ ಬರೆದ ಗಣಿತಜ್ಞ ಎಡ್ವರ್ಡ್ ಥಾರ್ಪ್ ಬ್ಯಾಕರಾವನ್ನೂ ಪರೀಕ್ಷಿಸಿದ. ಮುಖ್ಯ ಪಂಥಗಳಲ್ಲಿ ಎಣಿಕೆಯಿಂದ ಪ್ರಯೋಜನವಿಲ್ಲ ಎಂದು ಕಂಡುಕೊಂಡ. 2012ರಲ್ಲಿ ಫಿಲ್ ಐವಿ ಎಂಬ ಹೆಸರಾಂತ ಆಟಗಾರ ಲಂಡನ್ನಿನ ಕ್ಯಾಸಿನೊವೊಂದರಲ್ಲಿ ಸುಮಾರು 77 ಲಕ್ಷ ಪೌಂಡ್ ಗೆದ್ದ. ಎಲೆಗಳ ಬೆನ್ನಿನ ಚಿತ್ತಾರ ಅಂಚಿನಲ್ಲಿ ಕೂದಲೆಳೆಯಷ್ಟು ಬೇರೆಯಾಗಿದ್ದುದನ್ನು ಗುರುತಿಸಿ ಆಡಿದ್ದ. ಕ್ಯಾಸಿನೊ ಹಣ ಕೊಡಲಿಲ್ಲ, ಅದು ಮೋಸವೇ ಎಂದು 2017ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ಮಕಾವ್‌ನ ಮೇಜುಗಳಲ್ಲಿ ಆಡುವವರು ಪ್ರತಿ ಸುತ್ತಿನ ಫಲವನ್ನು ಚೀಟಿಯಲ್ಲಿ ಗುರುತು ಹಾಕುತ್ತಾ ಮುಂದಿನದನ್ನು ಊಹಿಸುತ್ತಾರೆ. ನಮ್ಮಲ್ಲಿ ಚೀಟಿ ಇಲ್ಲ, ಬಾಯಿಯಲ್ಲೇ ಲೆಕ್ಕ: ಮೂರು ಸಲ ಉಲಾಯಿ ಬಂತು, ಇನ್ನು ಪಿದಾಯಿಯೇ. ಆದರೆ ಕಲಸಿದ ಕಟ್ಟಿಗೆ ಹಿಂದಿನ ಸುತ್ತಿನ ನೆನಪಿರುವುದಿಲ್ಲ. ಜುಗಾರಿಯಲ್ಲಿ ಮುಳುಗಿದ ಮನೆಗಳಲ್ಲಿ ಹೆಚ್ಚಿನವು ಮುಳುಗಿದ್ದು ಈ ‘ಇನ್ನು’ ಎಂಬ ನಂಬಿಕೆಯಲ್ಲಿ ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ನಮ್ಮ ಕಡೆಯಿಂದ ಹತ್ತಿರದ ಕ್ಯಾಸಿನೊ ಗೋವಾದ್ದು. 1976ರ ಅಲ್ಲಿನ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ತಂದು ಪಂಚತಾರಾ ಹೋಟೆಲುಗಳಲ್ಲಿ ಯಂತ್ರದ ಜೂಜಿಗೆ, 1996ರಲ್ಲಿ ಹಡಗುಗಳಲ್ಲಿ ಮೇಜಿನ ಆಟಕ್ಕೆ ಒಪ್ಪಿಗೆ ಕೊಟ್ಟರು. 1998ರಲ್ಲಿ ಕೊಂಕಣ ರೈಲು ಪೂರ್ತಿ ತೆರೆದ ಮೇಲೆ ಮಂಗಳೂರಿನಿಂದ ಮಡಗಾಂವ್ ಕೆಲವೇ ಗಂಟೆಗಳ ದಾರಿ. ಮಾಂಡೋವಿಯಲ್ಲಿ ನಿಂತ ಹಡಗುಗಳೊಳಗೆ ಬ್ಯಾಕರಾ ಮೇಜೂ ಇದೆ, ಅಂದರ್-ಬಾಹರ್ ಮೇಜೂ ಇದೆ. ಇಲ್ಲಿ ಟಾರ್ಪಾಲಿನ ಮೇಲೆ ಆಡಿದರೆ ಕೇಸು, ಅಲ್ಲಿ ಹಸಿರು ಬಟ್ಟೆಯ ಮೇಲೆ ಆಡಿದರೆ ರಾಜ್ಯಕ್ಕೆ ಆದಾಯ.

ಆಮೇಲೆ ಆಟ ಮೊಬೈಲಿಗೆ ಬಂತು. ಲಾಟ್ವಿಯಾದ ರಿಗಾ ನಗರದ ಸ್ಟುಡಿಯೊದಲ್ಲಿ ಯಾರೋ ಎಲೆ ಹಾಕುತ್ತಾರೆ, ಇಲ್ಲಿ ಬಿ.ಸಿ.ರೋಡಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತವನ ಖಾತೆಯಿಂದ ಹಣ ಹೋಗುತ್ತದೆ. ಗದ್ದೆಬದಿಯಲ್ಲಿ ಕತ್ತಲಾಗುತ್ತಿತ್ತು, ಮಳೆ ಬರುತ್ತಿತ್ತು, ಪೊಲೀಸರು ಬರುತ್ತಿದ್ದರು, ಜೇಬು ಖಾಲಿಯಾಗುತ್ತಿತ್ತು. ಆಟ ನಿಲ್ಲಲು ಏನಾದರೊಂದು ಕಾರಣ ಸಿಗುತ್ತಿತ್ತು. ಮೊಬೈಲಿನಲ್ಲಿ ಅದು ಯಾವುದೂ ಇಲ್ಲ. ಅರ್ಧ ನಿಮಿಷಕ್ಕೊಂದು ಸುತ್ತು ಬರುವಾಗ ನೂರಕ್ಕೆ 1.06 ಎಂಬ ಸಣ್ಣ ಅಂಕಿ ಒಂದು ರಾತ್ರಿಯಲ್ಲಿ ಸಂಬಳ ನುಂಗುತ್ತದೆ.

ಕರ್ನಾಟಕ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಆನ್‌ಲೈನ್ ಪಂಥವನ್ನು ಅಪರಾಧವಾಗಿಸಿತು. ಕೌಶಲದ ಆಟಗಳನ್ನೂ ಅದರಲ್ಲಿ ಸೇರಿಸಿದ್ದಕ್ಕೆ ಹೈಕೋರ್ಟ್ 2022ರ ಫೆಬ್ರವರಿ 14ರಂದು ಆ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ಮಾಡಿತು. ಕೌಶಲವೋ ಅದೃಷ್ಟವೋ ಎಂಬ ಭೇದವನ್ನೇ ಅದು ಬಿಟ್ಟುಬಿಟ್ಟಿದೆ. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ. ಆಡಿದವನಿಗೆ ಶಿಕ್ಷೆ ಇಲ್ಲ. ಆಡಿ ಸೋತವನನ್ನು ಅಪರಾಧಿಯ ಸಾಲಿನಲ್ಲಿ ನಿಲ್ಲಿಸದೆ ಬಿಟ್ಟದ್ದು ಆ ಕಾಯ್ದೆಯ ಒಳ್ಳೆಯ ಗುಣ ಎಂದೇ ನನ್ನ ಅಭಿಪ್ರಾಯ. ಟಾರ್ಪಾಲಿನ ಸುತ್ತ ಕೂತ ಕೂಲಿಯವರಿಗೆ ಈ ರಿಯಾಯಿತಿ ಇನ್ನೂ ಸಿಕ್ಕಿಲ್ಲ.

ಎಲೆಯಾಟವನ್ನು ನಿಜವಾಗಿ ಕಲಿಯಬೇಕು ಎನ್ನುವವರು ಕಾಸರಗೋಡು ಕಡೆಯ ಇಪ್ಪತ್ತೆಂಟು ಎಂಬ ಆಟವನ್ನು ಹಿಡಿಯಲಿ. ನಾಲ್ಕು ಜನ, ಎದುರುಬದುರು ಕೂತವರು ಜೊತೆ, ಏಳರಿಂದ ಎಕ್ಕದವರೆಗೆ 32 ಎಲೆ. ಗುಲಾಮನಿಗೆ ಮೂರು ಅಂಕ, ಒಂಬತ್ತಕ್ಕೆ ಎರಡು, ಎಕ್ಕಕ್ಕೂ ಹತ್ತಕ್ಕೂ ಒಂದೊಂದು, ಎಲ್ಲ ಸೇರಿದರೆ 28. ಕೈಗೆ ಬಂದ ಮೊದಲ ನಾಲ್ಕು ಎಲೆ ನೋಡಿ ಎಷ್ಟಕ್ಕೆ ಕೂಗಬಹುದು, ತುರುಫನ್ನು ಯಾವ ಗಳಿಗೆಯವರೆಗೆ ಮುಚ್ಚಿಡಬೇಕು, ಎದುರಿನ ಜೊತೆಗಾರ ಇಳಿಸಿದ ಎಲೆಯಿಂದ ಏನು ತಿಳಿಯಿತು ಎಂಬುದನ್ನೆಲ್ಲ ಅಲ್ಲಿ ಯೋಚಿಸಲೇಬೇಕು. ಬ್ಯಾಕರಾದಲ್ಲಿ ಸೊನ್ನೆಯಾದ ಗುಲಾಮ ಈ ಆಟದಲ್ಲಿ ರಾಜನಿಗಿಂತ ಮೇಲೆ.