48 ಕೆ.ಬಿ.ಯಲ್ಲಿ ಆಟ ಕಟ್ಟುವವರು

ಬೆಂಗಳೂರಿನಿಂದ ಬರುವಾಗ ಬಾಶೆಟ್ಟಿಹಳ್ಳಿಯ ಕಾರ್ಖಾನೆಗಳ ಸಾಲು ದಾಟಿ ದೊಡ್ಡಬಳ್ಳಾಪುರದ ಒಳಗೆ ಹೋದರೆ ಮಗ್ಗದ ಸದ್ದು ಕೇಳಿಸುತ್ತದೆ. ಇಲ್ಲಿನ ಸೀರೆಯ ಸೆರಗಿನ ನವಿಲು ಮೊದಲು ಹುಟ್ಟುತ್ತಿದ್ದುದು ಗ್ರಾಫ್ ಕಾಗದದ ಮೇಲೆ. ಚೌಕ ತುಂಬಿದ ಕಡೆ ಕಾರ್ಡಿನಲ್ಲಿ ತೂತು. ತೂತಿದ್ದ ಕಡೆ ಜಕಾರ್ಡಿನ ಕೊಕ್ಕೆ ಎದ್ದು ಎಳೆಯನ್ನು ಎತ್ತುತ್ತದೆ. ಈ ಲೆಕ್ಕ ಬಲ್ಲವರಿಗೆ, ನಲವತ್ತು ವರ್ಷ ಹಳೆಯ ಒಂದು ಮನೆ-ಕಂಪ್ಯೂಟರಿಗೆ ಇವತ್ತಿಗೂ ಹೊಸ ಆಟ ಬರೆದು ಹಂಚುವವರ ಕಸುಬು ಬೇಗ ತಿಳಿಯುತ್ತದೆ. ಅಲ್ಲಿಯೂ ಎಂಟು ಸಾಲು, ಸಾಲಿಗೆ ಎಂಟು ಚೌಕ. ತುಂಬಿದ್ದಕ್ಕೆ ಒಂದು, ಬಿಟ್ಟದ್ದಕ್ಕೆ ಸೊನ್ನೆ. ಒಂದು ಸಾಲಿಗೆ ಒಂದು ಬೈಟ್, ಎಂಟು ಬೈಟಿಗೆ ಒಂದು ಪುಟ್ಟ ಚಿತ್ರ.

ಆ ಕಂಪ್ಯೂಟರಿನ ಹೆಸರು ಝೆಡ್‌ಎಕ್ಸ್ ಸ್ಪೆಕ್ಟ್ರಮ್. ಕ್ಲೈವ್ ಸಿಂಕ್ಲೇರ್ ಅವರ ಕಂಪನಿ ಅದನ್ನು 1982ರ ಏಪ್ರಿಲ್‌ನಲ್ಲಿ ಬ್ರಿಟನ್ನಿನಲ್ಲಿ ಬಿಡುಗಡೆ ಮಾಡಿತು. ರಬ್ಬರ್ ಗುಂಡಿಗಳ ಕೀಲಿಮಣೆ, ಪರದೆಗೆ ಮನೆಯ ಟಿ.ವಿ., ಪ್ರೋಗ್ರಾಂ ತುಂಬಲು ಟೇಪ್‌ರೆಕಾರ್ಡರ್. ಕ್ಯಾಸೆಟ್ಟಿನಿಂದ ಒಂದು ಆಟ ಒಳಗಿಳಿಯಲು ಐದು ನಿಮಿಷದಷ್ಟು ಕಾಯಬೇಕಿತ್ತು. ನಮ್ಮ ದೇಶದಲ್ಲಿ ಡೆಸಿಬೆಲ್ಸ್ ಎಲೆಕ್ಟ್ರಾನಿಕ್ಸ್ ಎಂಬ ಕಂಪನಿ ಪರವಾನಗಿ ಪಡೆದು 1986ರಲ್ಲಿ ‘ಡಿಬಿ ಸ್ಪೆಕ್ಟ್ರಮ್ ಪ್ಲಸ್’ ಎಂದು ಇದನ್ನೇ ಮಾರಿತು. ಸ್ಪೆಕ್ಟ್ರಮ್ ಸರಣಿಯ ಯಂತ್ರಗಳ ತಯಾರಿಕೆ 1992ರಲ್ಲಿ ನಿಂತಿತು. ಆಟ ಬರೆಯುವವರು ನಿಲ್ಲಿಸಲಿಲ್ಲ. ವರ್ಷವರ್ಷವೂ ಹತ್ತಾರು ಹೊಸ ಆಟಗಳು ಬರುತ್ತಲೇ ಇವೆ, ಬಹುಪಾಲು ಉಚಿತ.

ಇಷ್ಟು ಪ್ರೀತಿ ಯಾಕೆ ಎಂದು ತಿಳಿಯಬೇಕಾದರೆ ಆ ಯಂತ್ರದ ಇಕ್ಕಟ್ಟನ್ನು ನೋಡಬೇಕು. ಒಟ್ಟು ನೆನಪು 48 ಕೆ.ಬಿ. ಅದರಲ್ಲಿ ಪರದೆಯೇ 6912 ಬೈಟ್ ನುಂಗುತ್ತದೆ. ಪರದೆ ಅಡ್ಡಕ್ಕೆ 256 ಚುಕ್ಕಿ, ಎತ್ತರಕ್ಕೆ 192. ಚುಕ್ಕಿಗಳನ್ನು ಒಂದೊಂದಾಗಿ ಬೆಳಗಿಸಬಹುದು, ಬಣ್ಣ ಮಾತ್ರ ಹಾಗೆ ಕೊಡುವಂತಿಲ್ಲ. ಎಂಟು-ಎಂಟರ ಒಂದು ಕೋಣೆಗೆ ಎರಡೇ ಬಣ್ಣ. ಹಾಗಾಗಿ ಬಿಳಿ ಅಂಗಿಯ ನಾಯಕ ಹಸಿರು ಮರದ ಮುಂದೆ ಓಡಿದರೆ ಅವನಾದರೂ ಹಸಿರಾಗಬೇಕು, ಮರವಾದರೂ ಬೆಳ್ಳಗಾಗಬೇಕು. ಕೆಲವರು ಇಡೀ ಆಟವನ್ನು ಕಪ್ಪು ಹಿನ್ನೆಲೆಯಲ್ಲಿ ಒಂದೇ ಬಣ್ಣದಲ್ಲಿ ಮುಗಿಸುತ್ತಾರೆ. ಕೆಲವರು ನಾಯಕನ ದಾರಿಗೆ ಮರವೇ ಅಡ್ಡ ಬರದ ಹಾಗೆ ಆಟದ ದೃಶ್ಯ ಕಟ್ಟುತ್ತಾರೆ. ಬ್ರೆಜಿಲಿನ ಐನಾರ್ ಸೌಕಾಸ್ ಮೂರನೆಯ ದಾರಿ ಹಿಡಿದರು: ಟಿ.ವಿ.ಯ ಕಿರಣ ಪರದೆಯ ಮೇಲೆ ಸಾಲುಸಾಲಾಗಿ ಇಳಿಯುವ ಹೊತ್ತಿಗೆ ಸರಿಯಾಗಿ ಬಣ್ಣ ಬದಲಿಸುತ್ತ, ಕೋಣೆಯ ಪ್ರತಿ ಸಾಲಿಗೂ ಬೇರೆ ಬಣ್ಣದ ಜೋಡಿ ಕೊಡುವ ‘ಬೈಫ್ರಾಸ್ಟ್’ ಎಂಬ ಪ್ರೋಗ್ರಾಂ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಯಂತ್ರ ಹಳೆಯದೇ, ಅದರಿಂದ ಈ ಕೆಲಸ ತೆಗೆಯಬಹುದೆಂದು ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಈ ಹವ್ಯಾಸದ ಜೀವ ಇರುವುದು ಇಲ್ಲೇ ಎಂದು ನನಗೆ ಅನ್ನಿಸುತ್ತದೆ. ಒಬ್ಬ ಮನುಷ್ಯ ಪೂರ್ತಿಯಾಗಿ ಅರಿಯಬಲ್ಲಷ್ಟು ಚಿಕ್ಕ ಯಂತ್ರ ಅದು.

ಕಸುಬು ಕಲಿಯಲು ಹಳೆಯ ಪೆಟ್ಟಿಗೆಯೇ ಬೇಕೆಂದಿಲ್ಲ. ಅದರಂತೆಯೇ ನಡೆದುಕೊಳ್ಳುವ ಎಮ್ಯುಲೇಟರ್ ಸಾಧಾರಣ ಲ್ಯಾಪ್‌ಟಾಪಿನಲ್ಲಿ ಸಾಕಷ್ಟು ಚೆನ್ನಾಗಿ ಓಡುತ್ತದೆ. ಬ್ರಿಟನ್ನಿನ ಜೊನಾಥನ್ ಕಾಲ್ಡ್‌ವೆಲ್ ಬರೆದ ‘ಆರ್ಕೇಡ್ ಗೇಮ್ ಡಿಸೈನರ್’ ಇದ್ದರೆ ಚಿತ್ರ ಬಿಡಿಸಿ, ದೃಶ್ಯ ಜೋಡಿಸಿ, ನಾಲ್ಕು ನಿಯಮ ಹೇಳಿ ಆಟ ಎಬ್ಬಿಸಬಹುದು. ಸ್ಪೇನಿನ ಮೊಹೋನ್ ಟ್ವಿನ್ಸ್ ತಂಡ ತಮ್ಮ ಆಟಗಳ ಎಂಜಿನನ್ನೇ ಹಂಚಿದೆ. ಕೊನೆಗೆ ಸಿಗುವ ಟೇಪ್ ಕಡತ ಮೊಬೈಲಿನಲ್ಲಿ ತೆಗೆದ ಒಂದು ಫೋಟೋಗಿಂತ ಎಷ್ಟೋ ಚಿಕ್ಕದು. ಅದನ್ನು ಹಂಚಿದರೆ ಆಡಿದವರು ಸುಮ್ಮನಿರುವುದಿಲ್ಲ. ನೆಗೆತ ಎರಡು ಚುಕ್ಕಿ ಸಾಲದು ಎನ್ನುವವರು, ಆರಂಭದ ಚಿತ್ರ ಬರೆದುಕೊಡುವವರು, ತಮ್ಮ ಭಾಷೆಗೆ ತಿರುಗಿಸುವವರು ಎಲ್ಲ ಬರುತ್ತಾರೆ.

ಹಂಚುವ ಈ ರೂಢಿ ಸ್ಪೆಕ್ಟ್ರಮ್‌ನಷ್ಟೇ ಹಳೆಯದು. ಆಗಿನ ಬ್ರಿಟಿಷ್ ಪತ್ರಿಕೆಗಳು ಆಟದ ಪ್ರೋಗ್ರಾಮನ್ನು ಪುಟಗಟ್ಟಲೆ ಅಚ್ಚು ಹಾಕುತ್ತಿದ್ದವು, ಮಕ್ಕಳು ಕೂತು ಟೈಪ್ ಮಾಡುತ್ತಿದ್ದರು. ಯುಗೋಸ್ಲಾವಿಯಾದಲ್ಲಿ 1980ರ ದಶಕದಲ್ಲಿ ‘ವೆಂಟಿಲೇಟರ್ 202’ ಎಂಬ ರೇಡಿಯೊ ಕಾರ್ಯಕ್ರಮದ ಝೋರಾನ್ ಮೋಡ್ಲಿ ಕ್ಯಾಸೆಟ್ಟಿನಲ್ಲಿ ತುಂಬಿದ್ದ ಪ್ರೋಗ್ರಾಮಿನ ಕೀಚು ಸದ್ದನ್ನೇ ಬಾನುಲಿಯಲ್ಲಿ ಬಿಟ್ಟರು. ಕೇಳುಗರು ಕ್ಯಾಸೆಟ್ಟಿಗೆ ಇಳಿಸಿಕೊಂಡು ಕಂಪ್ಯೂಟರಿಗೆ ಉಣಿಸಿದರು. ಅದೇ ದಶಕದ ಕೊನೆಗೆ ಚೆಕೊಸ್ಲೊವಾಕಿಯಾದಲ್ಲಿ, ಪ್ರಾಗ್ ನಗರದ ಚೌಕದಲ್ಲಿ 1989ರ ಜನವರಿಯಲ್ಲಿ ಪೊಲೀಸರು ಪ್ರತಿಭಟನಕಾರರ ಮೇಲೆ ಬಿದ್ದದ್ದನ್ನೇ ವಸ್ತು ಮಾಡಿಕೊಂಡು ಹೆಸರು ಹೇಳದ ಯಾರೋ ಒಬ್ಬರು ಬರಹದಲ್ಲೇ ನಡೆಯುವ ಆಟ ಬರೆದರು. ಅಂಗಡಿಗೆ ಹೋಗಲಾಗದ ಆ ಆಟ ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ, ಕೈಯಿಂದ ಕೈಗೆ ಹೋಯಿತು.

ಇದನ್ನೆಲ್ಲ ಓದುವಾಗ ನನ್ನ ಮನಸ್ಸು ನಮ್ಮ ಜಗಲಿಯ ಆಟಗಳ ಕಡೆ ಹೋಗುತ್ತದೆ. ಅವನ್ನೂ ಸ್ಪೆಕ್ಟ್ರಮ್‌ಗೆ ಬರೆಯಬಹುದಲ್ಲ. ಅಳಗುಳಿಮನೆಗೆ ಹದಿನಾಲ್ಕು ಗುಳಿ. ಎಲ್ಲಿ ಎಷ್ಟು ಹುಣಸೆಬೀಜ ಇದೆಯೆಂದು ನೆನಪಿಡಲು ಹದಿನಾಲ್ಕು ಬೈಟ್ ಸಾಕು. ಆಡು-ಹುಲಿ ಆಟದ ಒಂದು ಬಗೆಯಲ್ಲಿ 23 ಕೂಡುಬಿಂದು, ಮೂರು ಹುಲಿ, ಹದಿನೈದು ಆಡು. ಅದಕ್ಕೆ 23 ಬೈಟ್. ಕನ್ನಡ ಅಕ್ಷರದ ಕೆಲಸ ಸ್ವಲ್ಪ ಜಾಸ್ತಿ. ನಾವೇ ಬಿಡಿಸಿಕೊಳ್ಳಲೆಂದು ಸ್ಪೆಕ್ಟ್ರಮ್ ಬಿಟ್ಟಿರುವ ಅಕ್ಷರಗಳು 21 ಮಾತ್ರ. ಆದರೆ 23606ನೇ ವಿಳಾಸದಲ್ಲಿರುವ ಸೂಚಕವನ್ನು ತಿರುಗಿಸಿದರೆ 96 ಅಕ್ಷರಗಳ ಇಡೀ ಸಾಲನ್ನೇ ಬದಲಿಸಬಹುದು. ಖರ್ಚು 768 ಬೈಟ್. ಒತ್ತುಗಳನ್ನು ಕೆಳಗಿನ ಕೋಣೆಗೆ ಇಳಿಸಬೇಕು. 34 ವ್ಯಂಜನದ ಒತ್ತುಗಳಿಗೆ 272 ಬೈಟ್. ‘ಮ’ ಮತ್ತು ‘ಯ’ ಎಂಟು ಚುಕ್ಕಿಯ ಅಗಲದಲ್ಲಿ ಉಸಿರುಗಟ್ಟುತ್ತವೆ, ಅವಕ್ಕೆ ಎರಡು ಕೋಣೆ ಕೊಡುವುದೇ ಸರಿ. ಜಾಗ ಬೇಕಾದಷ್ಟಿದೆ.

ಕಷ್ಟವಿರುವುದು ಹುಲಿಗೆ ಬುದ್ಧಿ ಕೊಡುವುದರಲ್ಲಿ. ಮೊದಲು ಇಬ್ಬರು ಮನುಷ್ಯರೇ ಆಡಲಿ, ಯಂತ್ರ ಬರೀ ನಿಯಮ ಕಾಯಲಿ. ಆಮೇಲೆ ಹುಲಿ ಒಂದು ನಡೆ ಮುಂದೆ ನೋಡಲಿ, ಎಗರಿ ತಿನ್ನಲು ಆಡು ಸಿಕ್ಕುತ್ತದೆಯೋ ಎಂದಷ್ಟೇ. ಅಷ್ಟಾದ ಕೂಡಲೇ ಹಂಚಿಬಿಡಬೇಕು. ಎರಡನೆಯ ನಡೆ ನೋಡುವುದನ್ನು ಹುಲಿಗೆ ಕಲಿಸುವವರು ಹುಬ್ಬಳ್ಳಿಯಲ್ಲೋ ಬ್ರೆಜಿಲಿನಲ್ಲೋ ಸಿಗುತ್ತಾರೆ.